ಬೂಟಿನ ಸದ್ದಿಗೆ ಏಳುತ್ತಿದ್ದ ರೋಜಿ

1979ರಲ್ಲಿ ನಾನು ದಾವಣಗೆರೆಯ ಒಂದು ಬಟ್ಟೆ ಗಿರಣಿಯಲ್ಲಿ ಸೆಕ್ಯುರಿಟಿ ಹವಾಲ್ದಾರನಾಗಿದ್ದೆ. ಮಿಲಿಟರಿಯಿಂದ ಬಂದು ಆಗಿನ್ನೂ ಎರಡು ವರ್ಷ. ನಾಯಿ ಪಳಗಿಸುವುದರಲ್ಲಿ ನನ್ನನ್ನು ಬಿಟ್ಟರಿಲ್ಲ ಎಂಬ ಜಂಬ ಬೇರೆ ಇತ್ತು. ಆ ಜಂಬ ಇಳಿಸಿದವಳು ರೋಜಿ, ಹದಿನಾಲ್ಕು ತಿಂಗಳ ಅಲ್ಸೇಷಿಯನ್.

ಹರಿಹರದ ಒಬ್ಬರ ಮನೆಯಿಂದ ಗಿರಣಿಯವರು ಅವಳನ್ನು ಮರಿಯಿದ್ದಾಗಲೇ ತಂದಿದ್ದರು. ಗೇಟಿಗೆ ಬಂದ ಲಾರಿಯ ಮೇಲೇರಿ ನಾನು ಹತ್ತಿ ಬೇಲುಗಳನ್ನು ಎಣಿಸುವಾಗ ಅವಳು ಪಕ್ಕದಲ್ಲಿ ಕೂತು ಕಾಯಬೇಕು. ಅದಕ್ಕೆ ಬೇಕಾದ ಕಮಾಂಡ್ ‘ಸ್ಟೇ’. ಅಂದರೆ, ಕೂರಿಸಿದವನೇ ಬಂದು ಬಿಡಿಸುವ ತನಕ ನಾಯಿ ಅಲುಗಬಾರದು. ನಡುವೆ ಎದ್ದು ಓಡಿದರೆ ಚಕ್ರದಡಿಗೆ ಸಿಕ್ಕೀತು.

ತಿಂಗಳ ಕೊನೆಗೆ ಪರೀಕ್ಷೆ ಎಂದರು ಮ್ಯಾನೇಜರ್. ಮೂರು ಗಂಟೆಗೆ ಶಿಫ್ಟ್ ಬಿಡುವ ಗದ್ದಲದಲ್ಲಿ ಐದು ನಿಮಿಷ ಕೂತರೆ ಸರಿ. ಎದ್ದರೆ ಹರಿಹರ ರಸ್ತೆಯ ಇಟ್ಟಿಗೆ ಭಟ್ಟಿಗೆ ಕೊಟ್ಟುಬಿಡುವುದಂತೆ. ಅಲ್ಲಿ ನಾಯಿಗಳ ಬಾಳೆಲ್ಲ ಸರಪಳಿಯಲ್ಲೇ. ಕೇಳಿ ನನಗೆ ಅವತ್ತು ಊಟ ಸೇರಲಿಲ್ಲ.

ದಿನಾ ಬೆಳಿಗ್ಗೆ ಗೋದಾಮಿನ ಮುಂದೆ ಪಾಠ ಶುರುವಾಯಿತು. ಮೊದಲು ಹತ್ತು ಸೆಕೆಂಡು, ಆಮೇಲೆ ಅರ್ಧ ನಿಮಿಷ, ಆಮೇಲೆ ಎರಡು. ವಿನೋಬನಗರದಿಂದ ಸೈಕಲ್ಲಿನಲ್ಲಿ ಬರುತ್ತಿದ್ದ ವಾಚ್‌ಮನ್ ದಾದಾಪೀರ್ ಮಾಂಸದ ತುಂಡು ತೋರಿಸಿದರೂ ಅವಳು ಮಿಸುಕಲಿಲ್ಲ. ಸೈರನ್ನಿಗೂ ಜಗ್ಗಲಿಲ್ಲ. ಆದರೆ ಒಮ್ಮೆ ಮೂರನೇ ನಿಮಿಷಕ್ಕೆ, ಒಮ್ಮೆ ಆರನೆಯದಕ್ಕೆ, ಇದ್ದಕ್ಕಿದ್ದಂತೆ ಎದ್ದು ಬಾಲ ಆಡಿಸುತ್ತ ನನ್ನತ್ತ ಓಡಿ ಬರುವಳು! ಮೂರು ವಾರ ಇದೇ ಹಾಡು. ಹಟಮಾರಿ ಎಂದು ಬಾಯಿಗೆ ಬಂದಂತೆ ಬೈದೆ. ಪರೀಕ್ಷೆಗೆ ಆರೇ ದಿನ ಉಳಿದಾಗ ದಾದಾಪೀರ್ ಹತ್ತಿರ ಬಂದ.

“ಹವಾಲ್ದಾರ್ರೇ, ನಾಯಿ ತಪ್ಪಲ್ರೀ ಇದು. ಸಾಹೇಬ್ರು ಬಂದಾಗ ನೀವು ಬೂಟು ಕುಟ್ಟಿ ಸಲ್ಯೂಟ್ ಹೊಡಿತೀರಲ್ಲ, ಆವಾಗ್ಲೇ ಏಳ್ತೈತೆ.”

ನನ್ನ ತಲೆಗೆ ಯಾರೋ ಮೊಟಕಿದಂತಾಯಿತು. ಮೊದಮೊದಲ ದಿನಗಳಲ್ಲಿ ಮ್ಯಾನೇಜರ್ ಕಾರು ಬಂದಾಗ ಸಲ್ಯೂಟ್ ಹೊಡೆದು, ಅಲ್ಲಿಗೇ ಪಾಠ ಮುಗಿಸಿ ರೋಜಿಗೆ ಬ್ರೆಡ್ ಕೊಡುತ್ತಿದ್ದವನು ನಾನೇ. ಬೂಟಿನ ಸದ್ದು ಅವಳಿಗೆ ಶಾಲೆ ಬಿಡುವ ಗಂಟೆಯಾಗಿತ್ತು. ನಾನು ಕಲಿಸಿದ್ದನ್ನೇ ಅವಳು ಚಾಚೂ ತಪ್ಪದೆ ಮಾಡುತ್ತಿದ್ದಳು, ಪಾಪ.

ಮಾರನೆಯ ದಿನದಿಂದ ಗಿರಣಿಯ ಐದೂ ವಾಚ್‌ಮನ್‌ಗಳು ಸರದಿಯ ಮೇಲೆ ಅವಳ ಮುಂದೆ ಬೂಟು ಕುಟ್ಟಿದರು. ನೂಲಿನ ಖಾತೆಯ ಹೆಂಗಸರು, ನಾಯಿಗೆ ಸಲಾಮು ಹೊಡೆಯುವ ನೌಕರಿ ನಮಗೂ ಕೊಡಿಸಿರಿ ಎಂದು ನಕ್ಕರು. ಎದ್ದಾಗಲೆಲ್ಲ ಮಾತಾಡದೆ ಅವಳನ್ನು ಅದೇ ಜಾಗದಲ್ಲಿ ಕೂರಿಸಿದೆ. ಬ್ರೆಡ್ ಇನ್ನು ನಾನೇ ಹತ್ತಿರ ಹೋಗಿ, ಹೆಗಲು ಮುಟ್ಟಿ ಬಿಡಿಸಿದ ಮೇಲೆ ಮಾತ್ರ. ಐದನೆಯ ದಿನ ಇಪ್ಪತ್ತು ಸಲ ಬೂಟು ಕುಟ್ಟಿದರೂ ಅವಳು ಅಲುಗಲಿಲ್ಲ. ಖುಷಿಗೆ ನಾನೂ ದಾದಾಪೀರನೂ ಅಲ್ಲೇ ಕುಣಿದುಬಿಟ್ಟೆವು.

ಪರೀಕ್ಷೆಯ ದಿನ ಸೈರನ್ ಕೂಗಿತು, ಗೇಟಿನಿಂದ ಜನ ನುಗ್ಗಿದರು. ಮ್ಯಾನೇಜರ್ ಬಂದರು. ನಾನು ಜೋರಾಗಿಯೇ ಬೂಟು ಕುಟ್ಟಿದೆ. ರೋಜಿಯ ಕಿವಿ ಮಾತ್ರ ನಿಮಿರಿತು. ಐದು ನಿಮಿಷ ಗಡಿಯಾರ ನೋಡಿದ ಮ್ಯಾನೇಜರ್ ನನ್ನ ಬೆನ್ನು ತಟ್ಟಿ, “ನಾಯಿ ನಮ್ಮಲ್ಲೇ ಇರ್ಲಿ. ಬರ್ರಿ, ಚಾ ಕುಡಿಯೋಣ” ಎಂದರು. ಅವರ ಹಿಂದೆ ಆಫೀಸಿಗೆ ಹೋದಾಗ ನನ್ನ ಕಾಲು ನೆಲದ ಮೇಲಿರಲಿಲ್ಲ.

ಎರಡನೆಯ ಲೋಟ ಕೈಯಲ್ಲಿದ್ದಾಗ ಹೊರಗಿನಿಂದ ದಾದಾಪೀರನ ಕೂಗು ಕೇಳಿತು.

“ಹವಾಲ್ದಾರ್ರೇ, ಲಾರಿ ಹಿಂದಕ್ ಬರ್ತೈತೆ! ರೋಜಿ ಏಳವಲ್ದು!”

ಚಹಾ ಚೆಲ್ಲಿ ಓಡಿದೆ. ದಾದಾಪೀರ್ ಲಾರಿಯ ಬಾಡಿಯನ್ನು ಎರಡೂ ಕೈಯಿಂದ ಬಡಿಯುತ್ತಿದ್ದ. ಡ್ರೈವರ್ ಬ್ರೇಕ್ ಒತ್ತಿದಾಗ ಚಕ್ರಕ್ಕೂ ಅವಳಿಗೂ ನಡುವೆ ಎರಡು ಮೊಳವೂ ಇರಲಿಲ್ಲ. ರೋಜಿ ಲಾರಿಯ ಕಡೆ ನೋಡುತ್ತಲೇ ಇರಲಿಲ್ಲ. ಬಿಡಿಸುವುದನ್ನು ಮರೆತು ನಾನು ಒಳಗೆ ಹೋದ ಆಫೀಸಿನ ಬಾಗಿಲನ್ನೇ ನೋಡುತ್ತ ಕೂತಿದ್ದಳು.

ಮಣ್ಣಿನಲ್ಲೇ ಮಂಡಿಯೂರಿ ಅವಳ ಹೆಗಲು ಮುಟ್ಟಿದೆ. ಎದ್ದಳು, ಮೈ ಕೊಡವಿದಳು, ನನ್ನ ಮುಖ ನೆಕ್ಕಿದಳು. ಅಷ್ಟು ಜನರ ಎದುರು ಅತ್ತುಬಿಟ್ಟೆ, ನಾಚಿಕೆಯಾಗಲಿಲ್ಲ. ಆಮೇಲಿನ ವರ್ಷಗಳಲ್ಲಿ ಬಹಳ ನಾಯಿಗಳನ್ನು ಪಳಗಿಸಿದೆ, ಬಹಳ ಹುಡುಗರಿಗೆ ಆ ಕೆಲಸ ಕಲಿಸಿದೆ. ಅವರಿಗೆ ನಾನು ಮೊದಲು ಹೇಳುತ್ತಿದ್ದದ್ದು ಇಷ್ಟೇ: ‘ಸ್ಟೇ’ ಎಂದವನು ತಿರುಗಿ ಬರಲೇಬೇಕು, ಯಾಕೆಂದರೆ ನಾಯಿ ಅದನ್ನು ನಂಬಿರುತ್ತದೆ.