ವಿಮಲ ಹೇಳಿಕೊಟ್ಟ ಪ್ರಾರ್ಥನೆ

ಸಭೆಯ ಪ್ರಿಯ ಅಣ್ಣಂದಿರೇ, ಅಕ್ಕಂದಿರೇ,

ನನ್ನ ಮಗಳು ವಿಮಲಳಿಗೆ ಐದು ತುಂಬಿ ಆರು ನಡೆಯುತ್ತಿದ್ದಾಗ ಜ್ವರ ಬಂತು. ಆ ಜ್ವರ ಬಿಡುವಾಗ ಅವಳ ಎರಡು ಕಿವಿಗಳನ್ನೂ ತೆಗೆದುಕೊಂಡು ಹೋಯಿತು. ಆಮೇಲಿನ ಒಂದೂವರೆ ವರ್ಷ ನಾನು ಹೇಗೆ ಬದುಕಿದೆ, ದೇವರು ನನ್ನನ್ನು ಎಲ್ಲಿ ತಡೆದು ನಿಲ್ಲಿಸಿದ ಎಂಬುದನ್ನು ಬರೆದುಕೊಡಿ ಎಂದು ನಮ್ಮ ಪಾದ್ರಿ ಅಯ್ಯನವರು ಬಹಳ ಸಲ ಕೇಳಿದ್ದರು. ಬರೆಯಲು ಮನಸ್ಸು ಬಂದಿರಲಿಲ್ಲ. ಈಗ ಕೊಡಗು ಮೈಸೂರಿಗೆ ಸೇರುತ್ತದಂತೆ, ಶಾಲೆಗಳಿಗೆಲ್ಲ ಹೊಸ ಸರ್ಕಾರದ ಹೊಸ ಕಾನೂನು ಬರುತ್ತದಂತೆ ಎಂದು ಎಲ್ಲರೂ ಮಾತಾಡುತ್ತಿದ್ದಾರೆ. ನಮ್ಮ ಚಿಕ್ಕ ಶಾಲೆಯಲ್ಲಿ ನಡೆದದ್ದು ಮರೆತುಹೋಗುವ ಮೊದಲು ಹೇಳಿಬಿಡುತ್ತೇನೆ.

ನಾನು ಪಾಲಿಬೆಟ್ಟದ ಕಡೆಯ ಒಂದು ಲೂಥರನ್ ಸಭೆಯ ಶಾಲೆಯಲ್ಲಿ ಶಿಶು ತರಗತಿಯ ಟೀಚರು. ನಮ್ಮ ಯಜಮಾನರು ಹತ್ತಿರದ ಎಸ್ಟೇಟಿನಲ್ಲಿ ಲೆಕ್ಕ ಬರೆಯುವ ರೈಟರು. ಶಾಲೆ ಎಂದರೆ ಹಂಚಿನ ಒಂದೇ ಉದ್ದ ಕೋಣೆ. ನಡುವೆ ಬಿದಿರಿನ ತಟ್ಟಿ ಕಟ್ಟಿ ತರಗತಿ ಮಾಡಿದ್ದಾರೆ. ನನ್ನ ಬಳಿ ಬರುವುದು ಹೆಚ್ಚಾಗಿ ಎಸ್ಟೇಟಿನ ಲೈನುಗಳ ಮಕ್ಕಳು, ಅಂದರೆ ತೋಟದ ಆಳುಗಳ ಸಾಲುಮನೆಗಳ ಮಕ್ಕಳು. ಒಬ್ಬನ ಮನೆಯಲ್ಲಿ ತಮಿಳು, ಇನ್ನೊಬ್ಬಳ ಮನೆಯಲ್ಲಿ ಮಲಯಾಳ, ಮತ್ತೊಬ್ಬನದು ತುಳು. ಕನ್ನಡದ ಮೊದಲ ಮಾತನ್ನು ಅವರು ನನ್ನ ಬಾಯಿಂದಲೇ ಕೇಳುತ್ತಾರೆ. ಮರಳಿನ ಮೇಲೆ ಬೆರಳು ಹಿಡಿದು ಅಕ್ಷರ ತಿದ್ದಿಸುತ್ತೇನೆ, ಹಾಡು ಕಲಿಸುತ್ತೇನೆ, ಬಟ್ಟೆಯ ಚಿತ್ರ ತೂಗುಹಾಕಿ ಸತ್ಯವೇದದ ಕಥೆ ಹೇಳುತ್ತೇನೆ.

ಬೆಳಗ್ಗೆ ಪಾಠಕ್ಕೆ ಮೊದಲು ಪ್ರಾರ್ಥನೆ. ನಾನು ಒಂದೊಂದೇ ಮಾತು ಹೇಳುತ್ತೇನೆ, ಮಕ್ಕಳು ಹಿಂದಿನಿಂದ ಹೇಳುತ್ತಾರೆ. ಅದು ಬಾಯಿಪಾಠದ ಪ್ರಾರ್ಥನೆಯಲ್ಲ. ಆ ದಿನ ಯಾರಿಗೆ ಏನು ಕಷ್ಟವೋ ಅದನ್ನೇ ದೇವರಿಗೆ ಹೇಳುವುದು. ಒಬ್ಬನ ಕರು ಕಾಣೆಯಾಗಿದೆ, ಒಬ್ಬಳ ತಮ್ಮನಿಗೆ ಕೆಮ್ಮು. ತಂದೆ ತಾಯಂದಿರಲ್ಲಿ ಹೆಚ್ಚಿನವರು ಹಿಂದೂಗಳು. ಆದರೂ ಯಾರೂ ಬೇಡವೆಂದವರಲ್ಲ. ಯಾವ ಸಾಮಿಯಾದರೂ ಸರಿ, ಮಕ್ಕಳು ಕೈಮುಗಿಯಲು ಕಲಿತರೆ ಸಾಕು ಎಂದು ಲೈನಿನ ಪಳನಿಯಮ್ಮ ಹೇಳುತ್ತಿದ್ದರು. ಅವರ ಮಗಳು ಸೆಲ್ವಿ ನಮ್ಮ ವಿಮಲಳ ಜೊತೆಯವಳು.

ವಿಮಲಳಿಗೆ ಜ್ವರ ಬಂದದ್ದು ಕಾಫಿ ಪಿಕ್ಕಿಂಗಿನ ಸಮಯದಲ್ಲಿ. ಮೊದಲ ದಿನ ಕಷಾಯ ಕೊಟ್ಟೆವು. ಮರುದಿನ ಕುತ್ತಿಗೆ ಮರದ ಹಾಗೆ ಸೆಟೆದುಕೊಂಡಿತು. ಎಸ್ಟೇಟಿನ ಲಾರಿಯಲ್ಲಿ ಕಾಫಿ ಮೂಟೆಗಳ ನಡುವೆ ಕುಳಿತು ಅವಳನ್ನು ತೊಡೆಯ ಮೇಲೆ ಹಾಕಿಕೊಂಡು ಅಮ್ಮತ್ತಿಯ ಆಸ್ಪತ್ರೆಗೆ ಹೋದೆವು. ಅಲ್ಲಿಂದ ಮಡಿಕೇರಿಯ ಆಸ್ಪತ್ರೆಗೆ ಕಳಿಸಿದರು. ಡಾಕ್ಟರು ಬೆನ್ನಿನಿಂದ ನೀರು ತೆಗೆದು ನೋಡಿ, ಮಿದುಳಿನ ಜ್ವರ ಎಂದರು. ಇಂಜೆಕ್ಷನ್ ಮೇಲೆ ಇಂಜೆಕ್ಷನ್ ಕೊಟ್ಟರು. ಪಕ್ಕದ ಹಾಸಿಗೆಯ ಮಗು ಅದೇ ಜ್ವರದಲ್ಲಿ ತೀರಿಕೊಂಡಿತು. ವಿಮಲ ಉಳಿದಳು. ನಾವು ಮಂಚದ ಪಕ್ಕದಲ್ಲೇ ಮೊಣಕಾಲೂರಿ ಸ್ತೋತ್ರ ಮಾಡಿದೆವು.

ಮನೆಗೆ ಹೊರಟ ದಿನ ಮಡಿಕೇರಿಯ ಬಸ್ ಸ್ಟ್ಯಾಂಡಿನಲ್ಲಿ ಅವಳಿಗೆ ಒಂದು ಕಿತ್ತಳೆ ಕೊಡಿಸಿ ಬೆಂಚಿನ ಮೇಲೆ ಕೂರಿಸಿದ್ದೆ. ಹಿಂದಿನಿಂದ ಬಂದ ಬಸ್ಸಿನ ಡ್ರೈವರು ದಾರಿಗಾಗಿ ಹಾರನ್ ಒತ್ತಿ ಹಿಡಿದರು. ನಾನು ಬೆಚ್ಚಿಬಿದ್ದೆ. ಸುತ್ತಲಿನವರೆಲ್ಲ ತಿರುಗಿ ಬೈದರು. ವಿಮಲ ಮಾತ್ರ ತಲೆ ಬಗ್ಗಿಸಿ ಕಿತ್ತಳೆಯ ಸಿಪ್ಪೆ ಸುಲಿಯುತ್ತಿದ್ದಳು. ನಾನು ಅವಳ ಹಿಂದೆ ನಿಂತು ಹೆಸರು ಹಿಡಿದು ಕರೆದೆ. ಮತ್ತೆ ಕರೆದೆ. ಯಜಮಾನರು ಟಿಕೆಟ್ ತೆಗೆದುಕೊಂಡು ಬಂದು ನನ್ನ ಮುಖ ನೋಡಿದರು. ಅವರಿಗೂ ತಿಳಿಯಿತು.

ಬೇಸಿಗೆಯಲ್ಲಿ ಮೈಸೂರಿನ ಕಿವಿ ಡಾಕ್ಟರೊಬ್ಬರ ಬಳಿಗೆ ಹೋದೆವು. ಗೋಣಿಕೊಪ್ಪ, ಹುಣಸೂರು ದಾಟಿ ಹೋಗುವಷ್ಟು ದೂರವೂ ವಿಮಲ ಬಸ್ಸಿನ ಕಿಟಕಿಗೆ ಕೆನ್ನೆ ಆನಿಸಿ ಕುಳಿತಿದ್ದಳು. ಗಾಜು ನಡುಗುವುದು ಅವಳಿಗೆ ಹಿತವೆನಿಸಿರಬೇಕು. ಡಾಕ್ಟರು ವಯಸ್ಸಾದವರು. ಸದ್ದು ಹೊರಡುವ ಹಾಗೆ ಉಕ್ಕಿನ ಕವೆಯೊಂದನ್ನು ಮಿಡಿದು ಅವಳ ಕಿವಿಯ ಹಿಂದೆ ಇಟ್ಟರು, ಹಣೆಗೆ ಇಟ್ಟರು. ಆಮೇಲೆ ಕವೆಯನ್ನು ಮೇಜಿನ ಮೇಲಿಟ್ಟು, “ನರವೇ ಹೋಗಿದೆ ತಾಯಿ. ಇದಕ್ಕೆ ಔಷಧಿ ಇಲ್ಲ. ಇನ್ನೂ ನಾಲ್ಕು ಕಡೆ ಅಲೆದು ಮಗುವನ್ನು ಬಳಲಿಸಬೇಡಿ” ಎಂದರು.

ಅದಕ್ಕಿಂತ ದೊಡ್ಡ ಕಷ್ಟ ಮುಂದಿತ್ತು. ಕಿವಿ ಹೋದರೂ ಕಲಿತ ಮಾತು ಇರುತ್ತದೆ ಎಂದು ನಾನು ತಿಳಿದಿದ್ದೆ. ಇರಲಿಲ್ಲ. ಮೊದಲು ಮಾತಿನ ತುದಿಗಳು ಸವೆದವು. “ಸೊಪ್ಪು” ಹೋಗಿ “ಒಪ್ಪು” ಆಯಿತು. ಆಮೇಲೆ ದನಿ ಏರಬೇಕಾದಲ್ಲಿ ಇಳಿಯಿತು, ಇಳಿಯಬೇಕಾದಲ್ಲಿ ಏರಿತು. ಅಂಗಳದ ಮಕ್ಕಳು ಅವಳು ಬಾಯಿ ತೆರೆದರೆ ನಗುತ್ತಿದ್ದರು. ನಗುವುದು ಕೇಳದಿದ್ದರೂ ಕಾಣುತ್ತದಲ್ಲ. ಮಳೆಗಾಲ ಮುಗಿಯುವ ಹೊತ್ತಿಗೆ ಅವಳು ಮಾತಾಡುವುದನ್ನೇ ಬಿಟ್ಟಳು. ನೀರು ಬೇಕಾದರೆ ಲೋಟ ತೋರಿಸುವಳು. ನಾನು ಬೇಕಾದರೆ ಸೆರಗು ಎಳೆಯುವಳು. ಬೇರೆಯವರ ಮಕ್ಕಳ ಬಾಯಿಗೆ ದಿನವೂ ಹೊಸ ಮಾತು ಹಾಕುವ ನಾನು, ನನ್ನ ಮಗುವಿನ ಬಾಯಿಂದ ಒಂದೊಂದೇ ಮಾತು ಹೋಗುವುದನ್ನು ನೋಡುತ್ತ ಕೂರಬೇಕಾಯಿತು.

ಶಾಲೆಯ ಹೆಡ್‌ಮಾಸ್ಟರು ದೇವಪ್ರಿಯ ಮೇಷ್ಟ್ರು ಒಳ್ಳೆಯವರೇ. ಅವಳನ್ನು ಒಂದನೇ ತರಗತಿಗೆ ಸೇರಿಸಿಕೊಳ್ಳಿ ಎಂದು ಕೇಳಿದಾಗ ಹಾಜರಿ ಪುಸ್ತಕ ಮುಚ್ಚಿಟ್ಟು ಹೇಳಿದರು:

“ನಾನು ಎಂತ ಮಾಡುವುದು ಹೇಳಿ ಸುಗುಣಮ್ಮ? ಪಾಠ ಕೇಳದ ಮಗುವಿಗೆ ಪಾಠ ಮಾಡುವುದು ಹೇಗೆ? ನಿಮ್ಮ ಹತ್ತಿರವೇ ಚಾಪೆ ಮೇಲೆ ಕೂತ್ಕೊಳ್ಳಲಿ. ಯಾರೂ ಬೇಡ ಅನ್ನುವುದಿಲ್ಲ.”

ಹಾಗೆ ಅವಳು ಓರಗೆಯವರನ್ನೆಲ್ಲ ಬಿದಿರಿನ ತಟ್ಟಿಯ ಆಚೆಗೆ ಕಳಿಸಿ ಮತ್ತೆ ಶಿಶು ತರಗತಿಯಲ್ಲೇ ಉಳಿದಳು. ಸೆಲ್ವಿ ಮಾತ್ರ ಹೋಗಲಿಲ್ಲ. ಅವಳಿಗಿನ್ನೂ ಕನ್ನಡ ಸರಿಯಾಗಿ ಬಂದಿಲ್ಲವೆಂದು ಮೇಷ್ಟ್ರು ನನ್ನಲ್ಲೇ ಇರಿಸಿದ್ದರು. ವಿಮಲ ಮೂಲೆಯ ಚಾಪೆಯ ಮೇಲೆ ಕುಳಿತು ಇಡೀ ದಿನ ನನ್ನನ್ನೇ ನೋಡುತ್ತಿದ್ದಳು. ಆ ನೋಟವನ್ನು ತಾಳಲಾರದೆ ನಾನು ಎಷ್ಟೋ ಸಲ ಮುಖ ತಿರುಗಿಸಿದ್ದುಂಟು.

ಸಭೆಯ ಹೆಂಗಸರು ನಮ್ಮ ಮನೆಯಲ್ಲಿ ಉಪವಾಸ ಪ್ರಾರ್ಥನೆ ಇಟ್ಟರು. ಶಾಲೆಯ ಮಕ್ಕಳೂ ದಿನವೂ ಬೆಳಗ್ಗೆ ವಿಮಲಳ ಕಿವಿಗಾಗಿ ಕೈಮುಗಿದರು. ತಿಂಗಳುಗಳು ಹೋದವು. ಹೆಂಗಸರು ಬರುವುದು ಕಡಿಮೆಯಾಯಿತು. ದೇವರ ಚಿತ್ತವೆಂದು ಒಪ್ಪಿಕೋ ಎಂದು ಕೆಲವರು ಹೇಳಿದರು. ಯಾರ ಪಾಪವೋ ಎಂದವರೂ ಇದ್ದರು. ಒಂದು ಬೆಳಗ್ಗೆ ಪ್ರಾರ್ಥನೆ ಮುಗಿದ ಮೇಲೆ ಸೆಲ್ವಿ ನನ್ನ ಮುಂದೆ ಬಂದು ನಿಂತು, ಬಹಳ ಯೋಚನೆ ಮಾಡಿದವಳ ಹಾಗೆ ಕೇಳಿದಳು: “ಟೀಚರ್, ಸಾಮಿಗೂ ಕಿವಿ ಕೇಳಲ್ವಾ?”

ಸ್ಲೇಟು ತೆಗೆಯಿರಿ ಎಂದೆ. ಆ ದಿನದಿಂದ ವಿಮಲಳ ಹೆಸರನ್ನು ಪ್ರಾರ್ಥನೆಯಲ್ಲಿ ಹೇಳುವುದನ್ನು ಬಿಟ್ಟೆ. ಉಳಿದ ಪ್ರಾರ್ಥನೆಯನ್ನು ಹೇಳುತ್ತಿದ್ದೆ, ಅದು ಕೆಲಸವಾದ್ದರಿಂದ. ಮನೆಯಲ್ಲಿ ಒಬ್ಬಳೇ ಇದ್ದಾಗ ಮೊಣಕಾಲೂರುವುದು ನಿಂತೇಹೋಯಿತು. ಭಾನುವಾರ ಚರ್ಚಿಗೆ ಹೋದರೂ ಹಾಡಿನ ಪುಸ್ತಕ ತೆರೆದು ಸುಮ್ಮನೆ ನಿಂತಿರುತ್ತಿದ್ದೆ. ದೇವರು ಕೇಳುತ್ತಾನೆ ಎಂದು ಚಿಕ್ಕ ಮಕ್ಕಳಿಗೆ ಹೇಳಿಕೊಡಲು ಇನ್ನು ನನ್ನಿಂದಾಗದು ಎನಿಸಿ, ಈ ತಿಂಗಳ ಕೊನೆಗೆ ಕೆಲಸ ಬಿಡುತ್ತೇನೆ ಎಂದು ಯಜಮಾನರಿಗೆ ಹೇಳಿದೆ. ಅವರು ಬೇಡ ಎನ್ನಲಿಲ್ಲ. ಅವರೂ ಸೋತಿದ್ದರು.

ಅದು ಮರುವರ್ಷದ ಆಷಾಢ. ಮಳೆ ಹಿಡಿದು ಬಿಟ್ಟಿರಲಿಲ್ಲ. ನನಗೆ ಶೀತವಾಗಿ ಗಂಟಲು ಕಟ್ಟಿ, ಒಂದು ಬೆಳಗ್ಗೆ ಏಳುವಾಗ ದನಿಯೇ ಇರಲಿಲ್ಲ. ಪಿಸುಗುಟ್ಟಲೂ ಆಗದು. ಮನೆಯಲ್ಲೇ ಇರೋಣವೆಂದರೆ ಮೇಷ್ಟ್ರು ವಿರಾಜಪೇಟೆಗೆ ಹೋಗಿದ್ದರು. ಶಿಶು ತರಗತಿ ನೋಡಿಕೊಳ್ಳಲು ಬೇರೆ ಯಾರೂ ಇರಲಿಲ್ಲ. ವಿಮಲಳಿಗೆ ಮಳೆಗೆ ಹೊದೆಯುವ ಓಲೆಯ ಗೊರಬೆ ಹಾಕಿ ಕೈಹಿಡಿದುಕೊಂಡು ಹೊರಟೆ.

ಶಾಲೆಯ ಬಾಗಿಲಲ್ಲಿ ಸೆಲ್ವಿ ಅಳುತ್ತ ನಿಂತಿದ್ದಳು. ಹಿಂದಿನ ದಿನ ತೋಟದಲ್ಲಿ ಚರಂಡಿ ತೋಡುವಾಗ ಪಳನಿಯಮ್ಮ ಜಾರಿ ಬಿದ್ದು ಕಾಲು ಮುರಿದುಕೊಂಡಿದ್ದರಂತೆ, ಅಮ್ಮತ್ತಿಗೆ ಸಾಗಿಸಿದ್ದರಂತೆ. ನಮ್ಮಮ್ಮನ ಕಾಲಿಗೆ ಪ್ರಾರ್ಥನೆ ಮಾಡಿ ಟೀಚರ್ ಎಂದು ಸೆಲ್ವಿ ನನ್ನ ಸೀರೆ ಹಿಡಿದುಕೊಂಡಳು. ಈ ದೇವರು ಕೇಳುತ್ತಾನೋ ಇಲ್ಲವೋ ಎಂದು ನನ್ನನ್ನು ಕೇಳಿದ ಮಗುವೇ ಅದು.

ಮಕ್ಕಳು ಸಾಲಾಗಿ ನಿಂತು ಕೈಮುಗಿದರು. ನಾನು ಎದುರು ನಿಂತು ಅಭ್ಯಾಸಬಲದಿಂದ ಬಾಯಿ ತೆರೆದೆ. ದನಿ ಹೊರಡಲಿಲ್ಲ. ತುಟಿ ಮಾತ್ರ ಆಡಿತು. ಸ್ವಾಮಿ, ಸೆಲ್ವಿಯ ಅಮ್ಮನ ಕಾಲು ವಾಸಿಮಾಡು ಎಂದು ತುಟಿಯಲ್ಲೇ ಹೇಳಿದೆ. ಮಕ್ಕಳು ಕಣ್ಣು ತೆರೆದು ನೋಡಿದರು. ಟೀಚರು ಏನು ಹೇಳಿದರು ಎಂದು ಒಬ್ಬರ ಮುಖ ಒಬ್ಬರು ನೋಡಿಕೊಂಡರು. ಹಂಚಿನ ಮೇಲೆ ಮಳೆ ಸುರಿಯುತ್ತಿತ್ತು. ನನಗೆ ಮತ್ತೊಮ್ಮೆ ಹೇಳುವ ಶಕ್ತಿಯೂ ಇರಲಿಲ್ಲ.

ಆಗ ಮೂಲೆಯ ಚಾಪೆಯಿಂದ ಒಂದು ದನಿ ಬಂತು. ಒರಟಾದ, ಏರಿಳಿತ ತಪ್ಪಿದ ದನಿ.

“ಆಮಿ, ಎಲ್ವಿ ಅಮ್ಮ ಕಾಲು ವಾಇ ಮಾಡು.”

ನಾನು ಆ ದನಿ ಕೇಳಿ ತಿಂಗಳುಗಳಾಗಿದ್ದವು. ವಿಮಲ ಎದ್ದು ನಿಂತಿದ್ದಳು. ಕೈ ಮುಗಿದಿತ್ತು. ಕಣ್ಣು ಮುಚ್ಚಿರಲಿಲ್ಲ, ನನ್ನ ಬಾಯಿಯ ಮೇಲೆಯೇ ಇತ್ತು.

ಯಾವ ಮಗುವೂ ನಗಲಿಲ್ಲ. ದಿನವೂ ನನ್ನ ಹಿಂದಿನಿಂದ ಹೇಳುವ ಹಾಗೆ ಎಲ್ಲರೂ ಅವಳ ಹಿಂದಿನಿಂದ ಹೇಳಿದರು. ಎಲ್ಲರಿಗಿಂತ ಗಟ್ಟಿಯಾಗಿ ಹೇಳಿದವಳು ಸೆಲ್ವಿ.

ನಾನು ಮೇಜು ಹಿಡಿದುಕೊಂಡು ಇನ್ನೊಂದು ಮಾತನ್ನು ತುಟಿಯಲ್ಲಿ ಹೇಳಿದೆ: ಈ ಮಳೆಯಲ್ಲಿ ತೋಟದಲ್ಲಿರುವ ಎಲ್ಲರನ್ನೂ ಕಾಯಿ. ಅವಳಿಗೆ ಪೂರ್ತಿ ಸಿಗಲಿಲ್ಲ. ಹುಬ್ಬು ಗಂಟಿಕ್ಕಿ, “ಮಳೆ… ತೋಟ… ಕಾಯಿ” ಎಂದಳು. ಮಕ್ಕಳೂ ಅಷ್ಟನ್ನೇ ಹೇಳಿದರು. ದೇವರಿಗೆ ಅಷ್ಟು ಸಾಕಾಗಿರಬೇಕು. ನಾನು ಅಲ್ಲೇ ನೆಲದ ಮೇಲೆ, ಮಕ್ಕಳ ನಡುವೆ, ಮೊಣಕಾಲೂರಿದೆ.

ಸಂಜೆ ಯಜಮಾನರಿಗೆ ಸ್ವಲ್ಪ ಕೈಸನ್ನೆಯಲ್ಲಿ, ಉಳಿದದ್ದನ್ನು ಸ್ಲೇಟಿನಲ್ಲಿ ಬರೆದು ತಿಳಿಸಿದೆ. ಅವರು ನಂಬಲಿಲ್ಲ. ಸೆಲ್ವಿ ಅಳುವುದನ್ನು ನೋಡಿ ಊಹಿಸಿರಬೇಕು, ಆಸೆಪಟ್ಟು ಮತ್ತೆ ಬೀಳುವುದು ಬೇಡ ಎಂದರು. ಆದರೂ ವಿಮಲಳನ್ನು ಎದುರು ಕೂರಿಸಿಕೊಂಡು ದನಿಯಿಲ್ಲದೆ ಏನೋ ಹೇಳಿದರು. ಅವಳು ಸುಮ್ಮನೆ ನೋಡಿದಳು. ಮತ್ತೆ ಹೇಳಿದರು. ತಿಳಿಯಲಿಲ್ಲವೆಂದು ತಲೆಯಾಡಿಸಿದಳು. ನೋಡು, ನಾನು ಹೇಳಲಿಲ್ಲವೇ ಎನ್ನುವ ಹಾಗೆ ಅವರು ನನ್ನತ್ತ ತಿರುಗಿದರು. ಅಷ್ಟರಲ್ಲಿ ವಿಮಲ ಕೈಚಾಚಿ ಅವರ ಮೀಸೆಯನ್ನು ಮುಟ್ಟಿ ಪಕ್ಕಕ್ಕೆ ಸರಿಸಲು ನೋಡಿದಳು. ಅವರದು ದಪ್ಪ ಮೀಸೆ. ಮೇಲಿನ ತುಟಿಯೇ ಕಾಣುತ್ತಿರಲಿಲ್ಲ.

ಮರುದಿನ ಬೆಳಗ್ಗೆ ಯಜಮಾನರು ಮೀಸೆ ಬೋಳಿಸಿಕೊಂಡು ಬಂದು ಅವಳ ಎದುರು ಕುಳಿತರು. ಬೆಲ್ಲ ತಾ ಎಂದು ತುಟಿಯಲ್ಲಿ ಹೇಳಿದರು. ಅವಳು ಒಳಗೆ ಹೋಗಿ ಬೆಲ್ಲದ ಅಚ್ಚು ತಂದು ಅವರ ಕೈಯಲ್ಲಿಟ್ಟಳು. ಅವರು ಅದನ್ನು ಹಿಡಿದುಕೊಂಡೇ ಜಗಲಿಗೆ ಹೋಗಿ ನಮಗೆ ಬೆನ್ನುಮಾಡಿ ಬಹಳ ಹೊತ್ತು ನಿಂತಿದ್ದರು.

ಅಷ್ಟೇ ನಡೆದದ್ದು. ದೊಡ್ಡ ಅದ್ಭುತವೇನಲ್ಲ ಎಂದು ಕೆಲವರಿಗೆ ಅನಿಸಬಹುದು. ಆಮೇಲೆ ಮಂಗಳೂರಿನಿಂದ ಬಂದಿದ್ದ ಸಭೆಯ ನರ್ಸಮ್ಮನೊಬ್ಬರು, ಕಿವಿ ಕೇಳದ ಮಕ್ಕಳಿಗೆ ಹೀಗೆ ತುಟಿ ನೋಡಿ ಮಾತು ಹಿಡಿಯಲು ಬೇರೆ ಊರುಗಳಲ್ಲಿ ಕಲಿಸುತ್ತಾರೆ ಎಂದು ತಿಳಿಸಿದರು. ನಮ್ಮವಳಿಗೆ ಯಾರೂ ಕಲಿಸಿರಲಿಲ್ಲ. ನಾನು ದೇವರಿಗೆ ಬೆನ್ನು ಹಾಕಿ ಕುಳಿತಿದ್ದ ತಿಂಗಳುಗಳಲ್ಲಿ ಅವನು ಅವಳ ಪಕ್ಕದಲ್ಲಿ ಆ ಚಾಪೆಯ ಮೇಲೆ ಕುಳಿತು ಕಲಿಸುತ್ತಿದ್ದ. ಹಾಗೆಂದೇ ನಾನು ನಂಬಿದ್ದೇನೆ.

ಪಳನಿಯಮ್ಮನ ಕಾಲು ಕೂಡಿತು, ಸ್ವಲ್ಪ ಕುಂಟುತ್ತಾರೆ. ಮೇಷ್ಟ್ರು ಆ ವಾರವೇ ವಿಮಲಳನ್ನು ಒಂದನೇ ತರಗತಿಯ ಮುಂದಿನ ಸಾಲಿನಲ್ಲಿ ಕೂರಿಸಿದರು. ಬೋರ್ಡಿನ ಕಡೆ ತಿರುಗಿ ಮಾತಾಡಬೇಡಿ ಎಂದು ಎಲ್ಲ ಟೀಚರುಗಳಿಗೂ ಹೇಳಿದರು. ಈಗ ಅವಳು ಮೂರನೆಯದರಲ್ಲಿ ಓದುತ್ತಿದ್ದಾಳೆ. ಕೆಲಸ ಬಿಡುವ ಮಾತನ್ನು ನಾನು ಮತ್ತೆ ಆಡಲಿಲ್ಲ.

ಅವಳ ಕಿವಿ ಬರಲಿಲ್ಲ, ಬರುವುದೂ ಇಲ್ಲ. ನಾನು ಕೇಳಿದ್ದು ಅದನ್ನೇ, ಸಿಕ್ಕಿದ್ದು ಬೇರೆ. ಅವಳು ಹಾಡುವುದಿಲ್ಲ. ನಾಲ್ಕು ಜನ ಒಟ್ಟಿಗೆ ಮಾತಾಡಿದರೆ ಅವಳಿಗೆ ಏನೂ ತಿಳಿಯದು, ಮುಖ ಬಾಡುತ್ತದೆ. ಬಸ್ಸಿನಲ್ಲಿ ಅವಳ ದನಿ ಕೇಳಿ ಜನ ಈಗಲೂ ತಿರುಗಿ ನೋಡುತ್ತಾರೆ. ನಾಲ್ಕನೆಯದರವರೆಗೇ ಇರುವ ನಮ್ಮ ಶಾಲೆ ಮುಗಿದ ಮೇಲೆ ಎಲ್ಲಿಗೆ ಕಳಿಸುವುದು, ನಾವು ಹೋದ ಮೇಲೆ ಅವಳಿಗೆ ಯಾರು ಎಂಬ ಯೋಚನೆ ಬಂದಾಗ ಹಳೆಯ ಕತ್ತಲು ಮತ್ತೆ ಬಂದು ಕೂರುತ್ತದೆ. ಆಗ ನಾನು ಅವಳನ್ನು ಕರೆದು ಎದುರು ಕೂರಿಸಿಕೊಂಡು, ಇವತ್ತು ಶಾಲೆಯಲ್ಲಿ ಏನಾಯಿತು ಎಂದು ಕೇಳುತ್ತೇನೆ. ಅವಳು ಹೇಳುತ್ತಾಳೆ. ಹೇಳಲು ಅವಳಿಗೆ ಬಹಳವಿರುತ್ತದೆ.

ನಿಮ್ಮ ಮನೆಯಲ್ಲೋ ಪಕ್ಕದ ಲೈನಿನಲ್ಲೋ ಇಂಥ ಮಗುವಿದ್ದರೆ, ಕೇಳುವುದಿಲ್ಲವಲ್ಲ ಎಂದು ಅದರ ಜೊತೆ ಮಾತು ನಿಲ್ಲಿಸಬೇಡಿ. ನಿಮ್ಮ ಮುಖಕ್ಕೆ ಬೆಳಕು ಬೀಳುವ ಕಡೆ ಕುಳಿತು, ನಿಧಾನವಾಗಿ, ಅದರ ಕಣ್ಣೆದುರೇ ಮಾತಾಡಿ. ದಾರಿ ತಿಳಿಯದಿದ್ದರೆ ನಮ್ಮ ಶಾಲೆಗೆ ಕರೆದುಕೊಂಡು ಬನ್ನಿ. ಯಾವ ಜಾತಿಯ, ಯಾವ ಮತದ ಮಗುವಾದರೂ ಸರಿ, ವಿಮಲಳೇ ಅದನ್ನು ತನ್ನ ಪಕ್ಕದಲ್ಲಿ ಕೂರಿಸಿಕೊಳ್ಳುತ್ತಾಳೆ.

ನನ್ನ ಸ್ವಾಮಿಗೆ ಸ್ತೋತ್ರ.

ನಿಮ್ಮ ಸಹೋದರಿ,
ಸುಗುಣ