ಕಲಾ ಬ್ಯಾಟ್ ಮುಟ್ಟುವಂತಿಲ್ಲ

ಬೆಳಗ್ಗೆ ಐದೂಕಾಲು. ಅತ್ತಿಗುಪ್ಪೆ ಮೆಟ್ರೋ ನಿಲ್ದಾಣದ ಹಿಂದಿನ ಅಡ್ಡರಸ್ತೆಯಲ್ಲಿರುವ ನಮ್ಮ ಬಡಾವಣೆಯ ಕ್ರೀಡಾ ಸಂಘದ ಹಾಲ್‌ನಲ್ಲಿ ಒಬ್ಬ ಹೆಂಗಸು ಟೇಬಲ್ ಟೆನಿಸ್ ಮೇಜನ್ನು ಒರೆಸುತ್ತಿದ್ದಾರೆ. ಬಟ್ಟೆಯನ್ನು ಹನಿ ನೀರೂ ಉಳಿಯದಂತೆ ಹಿಂಡಿ, ಒಂದೇ ದಿಕ್ಕಿಗೆ ಎಳೆಯುತ್ತಾರೆ. ನಾಲ್ಕು ಮೇಜು ಒರೆಸಿ, ನಾಲ್ಕು ನೆಟ್ ಬಿಗಿದು, ಪ್ರತಿ ನೆಟ್ಟಿನ ನಡುವೆ ಒಂದು ಮರದ ತುಂಡು ನಿಲ್ಲಿಸಿ ಎತ್ತರ ನೋಡುತ್ತಾರೆ. ಆರು ಇಂಚು ಇದ್ದರೆ ಸರಿ, ಇಲ್ಲದಿದ್ದರೆ ಮತ್ತೆ ಬಿಗಿಯುತ್ತಾರೆ. ಆಮೇಲೆ ಎರಡೂ ಕೈಗಳನ್ನು ಬೆನ್ನ ಹಿಂದೆ ಕಟ್ಟಿಕೊಂಡು ಗೋಡೆಯ ಬಳಿ ನಿಲ್ಲುತ್ತಾರೆ.

ಕೈ ಕಟ್ಟಿ ನಿಲ್ಲುವುದು ಅವರ ಅಭ್ಯಾಸವಲ್ಲ, ಅವರಿಗೆ ಕೊಟ್ಟ ಶಿಕ್ಷೆ. ಎದುರಿನ ನೋಟಿಸ್ ಬೋರ್ಡಿನ ಗಾಜಿನ ಒಳಗೆ ಮೂರು ತಿಂಗಳಿಂದ ಒಂದು ಹಾಳೆ ಇದೆ. "ಸಂಘದ ನೌಕರರಾದ ಕಲಾ ಅವರು ಸದಸ್ಯರ ಹಾಗೂ ಸಂಘದ ಬ್ಯಾಟ್‌ಗಳನ್ನು ಮುಟ್ಟತಕ್ಕದ್ದಲ್ಲ. ಸದಸ್ಯರೂ ಅವರಿಗೆ ಬ್ಯಾಟ್ ಕೊಡತಕ್ಕದ್ದಲ್ಲ." ಕೆಳಗೆ ಕಾರ್ಯದರ್ಶಿ ಮೋಹನ್ ಕುಮಾರ್ ಅವರ ಸಹಿ, ಅದರ ಮೇಲೆ ಮೊಹರು.

ಹತ್ತೊಂಬತ್ತು ವರ್ಷ ಈ ಬಡಾವಣೆಯ ಬ್ಯಾಟುಗಳಿಗೆಲ್ಲ ರಬ್ಬರ್ ಅಂಟಿಸಿದ ಕೈಗೆ ಸಿಕ್ಕ ಮರ್ಯಾದೆ ಇದು. ಬರೆಯುವಾಗ ನನಗೆ ಕೋಪ ಬರುತ್ತಿದೆ. ಅದನ್ನು ಮುಚ್ಚಿಡುವುದಿಲ್ಲ.

ನಾನು ಆಡುವವನಲ್ಲ. ಮನೆಯಾಕೆ ತೀರಿಕೊಂಡ ಮೇಲೆ, ಮುಂಜಾನೆ ಗುಡಿಗೆ ಹೋಗಿ ಬರುವ ದಾರಿಯಲ್ಲಿ ಇಲ್ಲಿಯ ಬೆಂಚಿನ ಮೇಲೆ ಕೂರುತ್ತೇನೆ, ಅಷ್ಟೇ. ಕೂತು ಕೂತು ಕಲಾ ಅವರ ಕೆಲಸ ಎಂಥದೆಂದು ತಿಳಿಯಿತು.

ಆರು ಗಂಟೆಗೆ ರಮ್ಯ ಬರುತ್ತಾರೆ. ಬ್ಯಾಂಕಿನಲ್ಲಿ ಗುಮಾಸ್ತೆ, ಆಟ ಶುರುಮಾಡಿ ಏಳು ತಿಂಗಳು. ಮೊಣಕೈಗೆ ಪಟ್ಟಿ ಕಟ್ಟಿಕೊಂಡಿದ್ದಾರೆ. ಕೈಯಲ್ಲಿ ಹದಿನಾಲ್ಕು ಸಾವಿರದ ಹೊಸ ಬ್ಯಾಟು.

"ಕಲಕ್ಕ, ಎಲ್ಲಾ ಹೊರಗೇ ಹೋಗ್ತಾ ಇದೆ. ನಂಗೆ ಈ ಆಟ ಬರಲ್ಲ ಬಿಡಿ."

"ಬ್ಯಾಟ್ ಮೇಲೆ ಚೆಂಡು ಕುಣಿಸಿ, ಕೇಳ್ತೀನಿ," ಎಂದು ಕಲಾ ಕಣ್ಣು ಮುಚ್ಚುತ್ತಾರೆ. ಬ್ಯಾಟು ಕೈಗೆ ತೆಗೆದುಕೊಳ್ಳುವಂತಿಲ್ಲ, ಕಿವಿಗೆ ಮಾತ್ರ ಇನ್ನೂ ನೋಟಿಸ್ ಬಂದಿಲ್ಲ. ಚೆಂಡು ಟಣ್ ಟಣ್ ಎನ್ನುತ್ತದೆ. "ಗಟ್ಟಿ ಹಲಗೆ. ಒಳಗೆ ಕಾರ್ಬನ್ ಇದೆ, ಮೇಲೆ ದಪ್ಪ ಸ್ಪಂಜು. ಇದು ಇಪ್ಪತ್ತು ವರ್ಷ ಆಡ್ದೋರ ಬ್ಯಾಟು. ನಿಮಗ್ಯಾಕೆ ಕೊಟ್ರು?"

"ಅಂಗಡಿಯವರು ಇದೇ ಬೆಸ್ಟು ಅಂದ್ರು."

ಪಕ್ಕದ ಮೇಜಿನಿಂದ ನಾರಾಯಣಪ್ಪ ನಗುತ್ತಾರೆ. ಬಸ್ ಡಿಪೋದಲ್ಲಿ ಮೆಕ್ಯಾನಿಕ್ ಆಗಿದ್ದವರು, ವಯಸ್ಸು ಎಪ್ಪತ್ತೊಂದು. "ಅದು ಬ್ಯಾಟಲ್ಲ ಕಣಮ್ಮ, ಕವಣೆ! ಇಲ್ಲಿ ಹೊಡೆದ್ರೆ ಬಾಪೂಜಿ ನಗರದಲ್ಲಿ ಬೀಳ್ತದೆ."

"ನಗಬೇಡಿ ಸಾರ್," ಎಂದು ಕಲಾ ಗದರುತ್ತಾರೆ. "ವೇಗದ ಬ್ಯಾಟ್ ಕೊಟ್ರೆ ಕಲಿಯೋರಿಗೆ ಹೊಡೆಯೋಕೇ ಭಯ ಆಗತ್ತೆ. ಪೂರ್ತಿ ಕೈ ಬೀಸಲ್ಲ, ಅರ್ಧಕ್ಕೇ ತಡೀತಾರೆ. ತಡೆದೂ ತಡೆದೂ ಮೊಣಕೈ ಹೋಯ್ತು ನೋಡಿ. ಆಟ ಬರಲ್ಲ ಅಂತ ಅವರನ್ನೇ ಅವರು ಬೈಕೋತಾರೆ. ಅಂಗಡಿಯವನನ್ನ ಬೈಯಲ್ಲ!"

ರಮ್ಯ ಅವರಿಗೆ ಬೇಕಾದದ್ದು ಐದು ಪದರದ ಬರೀ ಮರದ ಹಲಗೆ, ಮೇಲೆ ಚೆಂಡನ್ನು ಹಿಡಿಯುವ ರಬ್ಬರು, ಅದರ ಕೆಳಗೆ ಎರಡು ಮಿಲಿಮೀಟರಿಗಿಂತ ತೆಳ್ಳಗಿನ ಸ್ಪಂಜು. ಇದಕ್ಕೆ ಅವರು ಕೊಟ್ಟದ್ದರ ಕಾಲುಭಾಗವೂ ಆಗದು. ಕಲಾ ಸಂಘದ ಹಳೇ ಬ್ಯಾಟೊಂದನ್ನು ಕಣ್ಣಲ್ಲೇ ತೋರಿಸುತ್ತಾರೆ. ರಮ್ಯ ತಾವೇ ಎತ್ತಿಕೊಳ್ಳುತ್ತಾರೆ.

"ಯಾರಿಗೋ ಕೈ ಕುಲುಕೋ ಹಾಗೆ ಹಿಡೀರಿ. ಅಷ್ಟು ಬಿಗಿ ಬೇಡ, ಕೋಳಿ ಕತ್ತು ಹಿಚುಕ್ತಾ ಇದೀರಾ? ಮಂಡಿ ಬಗ್ಗಿಸಿ. ಚೆಂಡು ಎದ್ದು ಮೇಲಕ್ಕೆ ಬರಲಿ, ಕಾಯಿರಿ. ಈಗ! ಗುದ್ದಬೇಡಿ, ಅದರ ನೆತ್ತಿ ಸವರಿ."

ಹನ್ನೊಂದನೆಯ ಚೆಂಡು ಮೇಜಿನ ಮೇಲೆ ಬೀಳುತ್ತದೆ. ಹನ್ನೆರಡು, ಹದಿಮೂರೂ ಬೀಳುತ್ತವೆ. ರಮ್ಯ ಮುಂದಿನ ಚೆಂಡಿಗೆ ಮಂಡಿ ಬಗ್ಗಿಸುತ್ತಾರೆ.

ಕಲಾ ಅವರಿಗೆ ಈಗ ಐವತ್ತನಾಲ್ಕು. ಮನೆ ಬಾಪೂಜಿ ನಗರದಲ್ಲಿ. ತಂದೆ ಮುನಿಯಪ್ಪ ರಾಜಾಜಿನಗರದ ಕೈಗಾರಿಕಾ ಪ್ರದೇಶದಲ್ಲಿ ಪ್ಲೈವುಡ್ ಕೆಲಸಗಾರ. ಮರದ ಪದರಕ್ಕೆ ಪದರ ಕೂಡಿಸುವುದನ್ನು ಮಗಳು ಅವರ ಪಕ್ಕದಲ್ಲಿ ಕೂತೇ ಕಲಿತರು. ದೊಡ್ಡವರಾದ ಮೇಲೆ ಸ್ವಿಚ್ಚು ಮಾಡುವ ಕಾರ್ಖಾನೆಗೆ ಸೇರಿದರು. ಅಲ್ಲಿಯ ಕ್ಯಾಂಟೀನಿನಲ್ಲಿ ಒಂದು ಟೇಬಲ್ ಟೆನಿಸ್ ಮೇಜಿತ್ತು. ಊಟದ ಬಿಡುವಿನಲ್ಲಿ ಸೀರೆ ಸೆರಗು ಸಿಕ್ಕಿಸಿಕೊಂಡು ಆಡುತ್ತಿದ್ದರಂತೆ. ಕಾರ್ಖಾನೆ ಮುಚ್ಚಿತು. ಗಂಡ ಲಾರಿ ಅಪಘಾತದಲ್ಲಿ ಹೋದರು. ಕಸ ಗುಡಿಸುವ ಕೆಲಸಕ್ಕೆಂದು ಈ ಹಾಲ್‌ಗೆ ಬಂದರು.

ದಿನಕ್ಕೆ ಅರವತ್ತು ಜನ ಇಲ್ಲಿ ಆಡುತ್ತಾರೆ. ತಿಂಗಳಿಗೆ ಎಂಟೋ ಒಂಬತ್ತೋ ಬ್ಯಾಟು ಕಲಾ ಅವರ ಕೈ ಸೇರುತ್ತಿದ್ದವು. ಒಂದೊಂದಕ್ಕೂ ಮೂರು ತಾಸಿನ ಕೆಲಸ. ಹಾಲಿನಂಥ ಅಂಟನ್ನು ತೆಳ್ಳಗೆ ಸವರಿ, ಬಿಳಿ ಬಣ್ಣ ಪೂರ್ತಿ ಮಾಯವಾಗುವವರೆಗೆ ಕಾದು, ಇನ್ನೊಮ್ಮೆ ಸವರಿ, ಮತ್ತೆ ಕಾದು, ರಬ್ಬರ್ ಕೂರಿಸಿ, ಚಪಾತಿ ಲಟ್ಟಣಿಗೆಯಿಂದ ಮೆಲ್ಲನೆ ಉರುಳಿಸುತ್ತಿದ್ದರು. ಲಟ್ಟಣಿಗೆ ಅದಕ್ಕೆಂದೇ ಬೇರೆ ಇತ್ತು. ಈ ಕೆಲಸಕ್ಕೆ ಸಂಘ ಒಂದು ಪೈಸೆ ಹೆಚ್ಚು ಕೊಟ್ಟಿಲ್ಲ, ಅವರೂ ಕೇಳಿಲ್ಲ.

ಕೆಟ್ಟದ್ದು ನಡೆದದ್ದು ಕಳೆದ ಆಯುಧಪೂಜೆಯಂದು. ಪ್ರತಿ ವರ್ಷ ಮೊದಲ ಮೇಜಿನ ಮೇಲೆ ಬಟ್ಟೆ ಹಾಸಿ ಬ್ಯಾಟುಗಳನ್ನೆಲ್ಲ ಸಾಲಾಗಿ ಇಡುವುದು ಇಲ್ಲಿಯ ಪದ್ಧತಿ. ಕಲಾ ಒಂದೊಂದರ ಹಿಡಿಯ ತುದಿಗೆ ಬೊಟ್ಟು ಇಡುತ್ತಿದ್ದರು. ಈ ಸಲ ಕಾರ್ಯದರ್ಶಿಗಳು ತಾವೇ ಮಡಿಯುಟ್ಟು ಕೂತರು. ಇಪ್ಪತ್ತೆರಡು ಬ್ಯಾಟುಗಳ ರಬ್ಬರಿನ ನಟ್ಟನಡುವೆ, ಎರಡೂ ಮಗ್ಗುಲಿಗೆ, ಹೆಬ್ಬೆರಳಿನಿಂದ ಗಂಧ ಕುಂಕುಮ ಒತ್ತಿದರು.

"ಸಾರ್, ರಬ್ಬರ್‌ಗೆ ಬೇಡ, ಹಿಡಿಗೆ ಇಡಿ," ಎಂದರು ಕಲಾ.

"ದೇವರ ಕೆಲಸದಲ್ಲಿ ಅಡ್ಡಬಾಯಿ ಹಾಕ್ಬೇಡಮ್ಮ. ಬಸ್ಸಿನ ಗಾಜಿಗೆ ಇಡಲ್ವಾ?"

"ಗಾಜು ಒರೆಸಿದ್ರೆ ಹೋಗತ್ತೆ ಸಾರ್. ಇದು ಹೋಗಲ್ಲ."

ಅವರು ಕೇಳಲಿಲ್ಲ. ಮೇಲೆ ಪನ್ನೀರನ್ನೂ ಚಿಮುಕಿಸಿದರು. ಪೂಜೆಗಿಟ್ಟ ಆಯುಧವನ್ನು ವಿಜಯದಶಮಿಯವರೆಗೆ ಮುಟ್ಟುವಂತಿಲ್ಲ. ಹಾಗಾಗಿ ಕಲಾ ಅವರಿಗೆ ಒರೆಸಲೂ ಆಗಲಿಲ್ಲ. ಗಂಧ ಒಣಗಿ ರಬ್ಬರನ್ನು ಕಚ್ಚಿಕೊಂಡಿತು. ಚೆಂಡನ್ನು ಹಿಡಿದು ತಿರುಗಿಸುವುದು ರಬ್ಬರಿನ ಮೈಯ ಅಂಟುಗುಣ. ಅದು ಹೋದರೆ ಚೆಂಡು ಜಾರುತ್ತದೆ. ನಾಲ್ಕು ದಿನದ ಮೇಲೆ ಕೆಂಗೇರಿ ಉಪನಗರದಲ್ಲಿ ಹಿರಿಯರ ಪಂದ್ಯ. ನಾರಾಯಣಪ್ಪನವರಿದ್ದ ನಮ್ಮ ತಂಡ ಮೊದಲ ಸುತ್ತಿನಲ್ಲೇ ಒಂದು ಆಟವನ್ನೂ ಗೆಲ್ಲದೆ ಸೋತು ಬಂತು. "ಕಲಾ ಯಾವುದೋ ಅಗ್ಗದ ಅಂಟು ಹಾಕಿದಾಳೆ" ಎಂದರು ಕಾರ್ಯದರ್ಶಿಗಳು. ಮರುದಿನವೇ ನೋಟಿಸು.

ನಾನು ಐವತ್ತು ವರ್ಷದಿಂದ ನವರಾತ್ರಿ ತಪ್ಪಿಸಿದವನಲ್ಲ. ಬೊಟ್ಟು ಹಿಡಿಗಿಟ್ಟರೂ ದೇವಿಗೆ ಸಲ್ಲುತ್ತದೆ. ತನ್ನ ತಪ್ಪನ್ನು ದೇವರ ಹಿಂದೆ ಬಚ್ಚಿಟ್ಟು ಕಸ ಗುಡಿಸುವವಳ ಮೇಲೆ ಹೊರಿಸಿದರೆ ಅದು ಯಾವ ದೇವಿಗೂ ಸಲ್ಲುವುದಿಲ್ಲ. ಅರವತ್ತು ಜನ ಸದಸ್ಯರಲ್ಲಿ ಮೂರು ತಿಂಗಳು ಒಬ್ಬರೂ ಬಾಯಿ ಬಿಡಲಿಲ್ಲ. ಬೆಂಚಿನ ಮೇಲೆ ಕೂತ ನಾನೂ ಬಿಡಲಿಲ್ಲ.

ಕಳೆದ ಭಾನುವಾರದ ಸಭೆಯಲ್ಲಿ ನಾರಾಯಣಪ್ಪ ಎದ್ದರು. ಆಯುಧಪೂಜೆಯ ತಮ್ಮ ಬ್ಯಾಟನ್ನು ಹಾಗೆಯೇ ಇಟ್ಟಿದ್ದರು. ಕಾರ್ಯದರ್ಶಿಗಳ ಮುಂದೆ ಇಟ್ಟು, "ಅಂಟು ಕೆಟ್ಟದ್ದು ಅಂದ್ರಲ್ಲ ಸ್ವಾಮಿ, ಕಿತ್ತು ತೋರಿಸಿ," ಎಂದರು.

ಮೋಹನ್ ಕುಮಾರ್ ಉಗುರು ಹಾಕಿದರು. ಅಂಚು ಏಳಲಿಲ್ಲ.

"ಊಟ ಮಾಡ್ಕೊಂಡು ಬಂದಿದೀರಾ?" ಎಂದು ಹಿಂದಿನಿಂದ ಯಾರೋ ಕೇಳಿದರು.

ಕಾರ್ಯದರ್ಶಿಗಳು ಸಿಟ್ಟಿನಿಂದ ಬಲವಾಗಿ ಎಳೆದರು. ರಬ್ಬರ್ ಕಿತ್ತು ಬಂತು. ಅದರ ಬೆನ್ನಿಗೆ ಅಂಟಿಕೊಂಡು, ಬೆರಳುದ್ದದ ಮರದ ಸಿಬಿರೂ ಹಲಗೆಯಿಂದ ಎದ್ದು ಬಂತು. ಮರ ಬಿಟ್ಟಿತು, ಅಂಟು ಬಿಡಲಿಲ್ಲ. ತಿರುಗಿಸಿ ಹಿಡಿದರೆ ಕೆಂಪು ರಬ್ಬರಿನ ನಡುವೆ ಹೆಬ್ಬೆರಳಗಲ ಗಂಧದ ಕಲೆ. ಅವರದೇ ಹೆಬ್ಬೆರಳು. "ಸರಿ, ಮುಂದಿನ ಮೀಟಿಂಗಲ್ಲಿ ನೋಡೋಣ," ಎಂದು ಅವರು ಎದ್ದು ಹೋದರು. ತಪ್ಪಾಯಿತು ಎಂಬ ಒಂದು ಮಾತು ಆ ಬಾಯಿಂದ ಬರಲಿಲ್ಲ.

ಗೋಡೆಯ ಬಳಿ ನಿಂತಿದ್ದ ಕಲಾ ಅವರು ಗೆದ್ದೆನೆಂದು ಬೀಗಲಿಲ್ಲ. ಎದ್ದು ಬಂದ ಸಿಬಿರನ್ನೇ ನೋಡುತ್ತಿದ್ದರು. "ಎಂಥ ಒಳ್ಳೆ ಹಲಗೆ ಸಾರ್, ಹಿಂಗೆ ಕೀಳೋದಾ? ಮೂಲೆಯಿಂದ ನಿಧಾನಕ್ಕೆ ಬಿಡಿಸಬೇಕು," ಎಂದು ನಾರಾಯಣಪ್ಪನವರಿಗೆ ಹೇಳಿದರು. ಕೈ ಬೆನ್ನ ಹಿಂದೆಯೇ ಇತ್ತು.

ಇಂದು ಬೆಳಗ್ಗೆ ರಮ್ಯ ಮತ್ತು ನಾರಾಯಣಪ್ಪ ಇಬ್ಬರೂ ಬ್ಯಾಟು ಚಾಚುತ್ತಾರೆ. ಕಲಾ ತೆಗೆದುಕೊಳ್ಳುವುದಿಲ್ಲ. ಇನ್ನೂ ಆ ಹಾಳೆಗೆ ಹೆದರಬೇಕೆ ಎಂದು ನಾನೇ ಕೇಳುತ್ತೇನೆ. ಕಿತ್ತೆಸೆಯಿರಿ, ನಾವಿದ್ದೇವೆ ಎನ್ನುತ್ತೇನೆ.

"ಹೆದರಿಕೆ ಅಲ್ಲ ಸಾರ್," ಎನ್ನುತ್ತಾರೆ ಕಲಾ. "ಆ ಗಾಜಿನ ಬೀಗದ ಕೈ ನನ್ನ ಹತ್ರಾನೇ ಇದೆ. ಮೂರು ತಿಂಗಳಿಂದ ದಿನಾ ಗಾಜು ಒರೆಸ್ತಾ ಇದೀನಿ. ನಾನು ತೆಗೆಯಲ್ಲ. ಹಾಕಿದೋರು ಬಂದು, ಎಲ್ಲರ ಮುಂದೆ, ಅವರ ಕೈಯಿಂದಲೇ ತೆಗೀಲಿ. ಅಲ್ಲೀವರೆಗೂ ಬಾಯಲ್ಲಿ ಹೇಳಿಕೊಡ್ತೀನಿ."