ಕಷಾಯ ತಣಿಸುವ ತಾಮ್ರದ ಸುರುಳಿ

ಮನೆಯಲ್ಲೇ ಬಿಯರ್ ಮಾಡಬೇಕೆನ್ನುವ ಹುಚ್ಚು ನನ್ನದಲ್ಲ, ನನ್ನ ಹೆಂಡತಿಯದು. ಅವಳು ಪಿಯು ಕಾಲೇಜಿನಲ್ಲಿ ಕೆಮಿಸ್ಟ್ರಿ ಪಾಠ ಮಾಡುತ್ತಾಳೆ. ಮನೆಗೆ ಬಂದ ಮೇಲೂ ಅವಳ ಕೈ ಸುಮ್ಮನಿರುವುದಿಲ್ಲ. ಕೆಲವು ಕಾಲ ಸೋಪು ಮಾಡಿದಳು, ಆಮೇಲೆ ಚೀಸ್ ಮಾಡಿದಳು. ಒಂದು ಬೇಸಿಗೆ ರಜೆಯಲ್ಲಿ ಯಾರದೋ ಮನೆಯ ಊಟದಲ್ಲಿ ಬಿಯರ್ ಒಂದು ಗುಟುಕು ಕುಡಿದು ಲೋಟ ಕೆಳಗಿಟ್ಟು, “ಇದಕ್ಕಿಂತ ಚೆನ್ನಾಗಿ ನಾನೇ ಮಾಡ್ತೀನಿ ಕಣ್ರೀ” ಅಂದಳು. ಅಲ್ಲಿಗೆ ನನ್ನ ಭಾನುವಾರಗಳು ಮುಗಿದವು.

ತೊಂದರೆ ಇದ್ದದ್ದು ಅಮ್ಮನ ವಿಷಯದಲ್ಲಿ. ಜಯಲಕ್ಷ್ಮಿಪುರಂನ ನಮ್ಮ ಮನೆಯಲ್ಲಿ ಅಮ್ಮ ಲಿಂಗಪೂಜೆ ಮುಗಿಯದೆ ಕಾಫಿ ಮುಟ್ಟಿದವಳಲ್ಲ. ಸೊಸೆ ಹೆಂಡ ಕಾಯಿಸುತ್ತಾಳೆಂದರೆ ಏನನ್ನುತ್ತಾಳೋ ಎಂದು ನಾನು ಹೆದರುತ್ತಿದ್ದಾಗ, ಹೆಂಡತಿ ನೇರವಾಗಿ ಹೋಗಿ ಹೇಳಿಯೇಬಿಟ್ಟಳು. ಅಮ್ಮ ಹಲಸಿನ ಬೀಜ ಸುಲಿಯುತ್ತಿದ್ದವಳು ತಲೆ ಎತ್ತಲಿಲ್ಲ. “ನನ್ನ ಅಡಿಗೆಮನೇಲಿ ಬೇಡ. ನನ್ನ ಪಾತ್ರೆ ಮುಟ್ಟಬೇಡಿ” ಅಂದಳು, ಅಷ್ಟೇ. ಹಾಗಾಗಿ ಹಿತ್ತಲಲ್ಲಿ, ಬಟ್ಟೆ ಒಗೆಯುವ ಕಲ್ಲಿನ ಪಕ್ಕದಲ್ಲಿ, ಗ್ಯಾಸ್ ಒಲೆ ಹೂಡಿದೆವು.

ಕೆಲಸ ಕೇಳಲು ಸುಲಭ. ಮೊಳಕೆ ಬರಿಸಿ ಒಣಗಿಸಿದ ಬಾರ್ಲಿಯನ್ನು ಬಿಸಿನೀರಿನಲ್ಲಿ ನೆನೆಸಿದರೆ ಸಿಹಿ ನೀರು ಬಿಡುತ್ತದೆ. ಅದನ್ನು ಸೋಸಿ, ಹಾಪ್ಸ್ ಎಂಬ ಕಹಿ ಹೂವು ಹಾಕಿ ಕುದಿಸಬೇಕು. ಈ ನೀರಿಗೆ ಇಂಗ್ಲಿಷಿನಲ್ಲಿ ವರ್ಟ್ ಎನ್ನುತ್ತಾರೆ. ನಮ್ಮ ಮನೆಯಲ್ಲಿ ಅದು ಕಷಾಯ. ಕುದಿದ ಕಷಾಯ ತಣ್ಣಗಾದ ಮೇಲೆ ಯೀಸ್ಟ್ ಬೆರೆಸಿ ಮುಚ್ಚಿಟ್ಟರೆ ಬಿಯರ್ ತನ್ನ ಪಾಡಿಗೆ ಆಗುತ್ತದೆ. ಆದರೆ ಬೇಗ ತಣ್ಣಗಾಗಬೇಕು. ನಿಧಾನವಾದರೆ ಗಾಳಿಯಲ್ಲಿರುವ ಕಣ್ಣಿಗೆ ಕಾಣದ ಜೀವಿಗಳು ಯೀಸ್ಟಿಗಿಂತ ಮೊದಲೇ ಬಂದು ಕೂರುತ್ತವೆ.

ಮೊದಲ ಸಲ ದೊಡ್ಡ ಪಾತ್ರೆಯನ್ನು ಟಬ್ಬಿನಲ್ಲಿಟ್ಟು ಸುತ್ತ ಐಸ್ ಸುರಿದೆವು. ಐಸ್ ಕರಗಿತು, ಪಾತ್ರೆ ಕಾದೇ ಇತ್ತು. ಸಂಜೆಯಾದರೂ ಕೈ ಇಡಲಾಗಲಿಲ್ಲ. ಕೆಲವು ದಿನಗಳ ನಂತರ ಮುಚ್ಚಳ ತೆಗೆದರೆ ಒದ್ದೆ ಗೋಣಿಚೀಲದ ವಾಸನೆ. ಹೆಂಡತಿ ಅಷ್ಟನ್ನೂ ಬಚ್ಚಲಿಗೆ ಸುರಿದು, ಪಾತ್ರೆ ಉಜ್ಜುತ್ತಾ ಕೂತಳು. ಅವಳು ಅಷ್ಟು ಸಪ್ಪಗಾದದ್ದನ್ನು ನೋಡಿ ನನಗೆ ತಡೆಯಲಾಗಲಿಲ್ಲ. “ತಣ್ಣಗೆ ಮಾಡೋದು ನನಗೆ ಬಿಡು” ಅಂದೆ.

ತಣಿಸುವ ಸಾಧನಗಳಲ್ಲೂ ಜಾತಿಗಳಿವೆಯೆಂದು ಆಗಲೇ ಗೊತ್ತಾದದ್ದು. ನನ್ನ ಮನಸ್ಸಿಗೆ ಬಂದದ್ದು ಅಂಗೈಯಷ್ಟು ಅಗಲದ, ಒಳಗೆ ತಗಡಿನ ಪದರಗಳಿರುವ ಒಂದು ಪೆಟ್ಟಿಗೆ. ಒಂದು ಕಡೆಯಿಂದ ಕಷಾಯ, ಇನ್ನೊಂದು ಕಡೆಯಿಂದ ತಣ್ಣೀರು; ಕ್ಷಣದಲ್ಲಿ ಕೆಲಸ ಮುಗಿಯುತ್ತದೆ. ಫೋನಿನಲ್ಲಿ ಚಿತ್ರ ತೋರಿಸಿದೆ.

“ಒಳಗಡೆ ಹೇಗೆ ತೊಳೀತೀರಿ?” ಹೆಂಡತಿ ಕೇಳಿದಳು.

“ಏನೋ ದ್ರಾವಣ ಹಾಯಿಸಬೇಕಂತೆ.”

“ಕಣ್ಣಿಗೆ ಕಾಣದ ಜಾಗ ತೊಳೆದಾಯ್ತು ಅಂತ ನಂಬೋಕೆ ನನ್ನ ಕೈಲಾಗಲ್ಲ. ಬರೀ ಕೊಳವೆ ಸಾಕು.”

ಅವಳು ಹೇಳಿದ್ದು ತಾಮ್ರದ ಕೊಳವೆಯ ಸುರುಳಿ. ಅದನ್ನು ಕಷಾಯದೊಳಗೇ ಮುಳುಗಿಸಿ, ಕೊಳವೆಯಲ್ಲಿ ತಣ್ಣೀರು ಹರಿಸುವುದು. ಬೋಗಾದಿಯಲ್ಲಿ ಏಸಿ ರಿಪೇರಿ ಮಾಡುವವರೊಬ್ಬರ ಹತ್ತಿರ ಹೋದೆ. ಪೇಂಟಿನ ಡಬ್ಬಿಗೆ ಕೊಳವೆ ಸುತ್ತುತ್ತಾ ಅವರು, “ಯಾತಕ್ಕೆ ಸಾರ್ ಇದು?” ಎಂದರು. ಬಾಯಿಗೆ ಬಂದದ್ದು, “ಪಾಯಸ ತಣ್ಣಗೆ ಮಾಡೋಕೆ.” ಅವರು ನನ್ನನ್ನು ಮೇಲಿಂದ ಕೆಳಗೆ ನೋಡಿ, “ಮದುವೆ ಕಾಂಟ್ರಾಕ್ಟಾ?” ಅಂದರು. ಹೌದೆಂದು ತಲೆಯಾಡಿಸಿ ಬಂದುಬಿಟ್ಟೆ. ಮನೆಯಲ್ಲಿ ಇದನ್ನು ಕೇಳಿ ಹೆಂಡತಿ ಕಣ್ಣೊರೆಸಿಕೊಳ್ಳುವಷ್ಟು ನಕ್ಕಳು.

ಮುಂದಿನ ಭಾನುವಾರ, ಸುಡುಬಿಸಿಲು. ಕುದಿಯುವ ಪಾತ್ರೆಗೆ ಸುರುಳಿ ಇಳಿಸಿ, ತಾರಸಿಯ ಟ್ಯಾಂಕಿನ ನಲ್ಲಿಗೆ ಪೈಪು ಸಿಕ್ಕಿಸಿ, ನೀರು ಬಿಟ್ಟೆ. ಇನ್ನೊಂದು ತುದಿಯಿಂದ ಹಬೆಯಾಡುವ ನೀರು ಚರಂಡಿಗೆ ಹೋಗತೊಡಗಿತು. ಕಷಾಯದ ಬಿಸಿ ಸರಸರ ಇಳಿದು, ಸ್ನಾನದ ನೀರಿನಷ್ಟಾದಾಗ ನಿಂತೇಹೋಯಿತು. ಎಷ್ಟು ನೀರು ಹರಿಸಿದರೂ ಥರ್ಮಾಮೀಟರ್ ಅಲ್ಲಾಡಲಿಲ್ಲ. ಹೆಂಡತಿ ಅದನ್ನು ಎತ್ತಿ ನೋಡುತ್ತಾಳೆ, ಇಳಿಸುತ್ತಾಳೆ, ಮತ್ತೆ ಎತ್ತುತ್ತಾಳೆ.

ಅಷ್ಟರಲ್ಲಿ ಅಮ್ಮ ಬಾಗಿಲಲ್ಲಿ ಕಾಣಿಸಿಕೊಂಡಳು. ತಲೆಗೆ ಹರಳೆಣ್ಣೆ ಹಚ್ಚಿಕೊಂಡು ಸ್ನಾನಕ್ಕೆ ಹೊರಟವಳು.

“ಲೋ, ಬಿಸಿನೀರು ಮೋರಿಗೆ ಬುಡ್ತಿದೀಯಲ್ಲೋ! ಒಳಗೆ ನಾನು ಗೀಸರ್ ಹಾಕ್ಕೊಂಡು ಕೂತಿದೀನಿ.”

ಅಂದವಳೇ ಬಚ್ಚಲಿನಿಂದ ಬಕೆಟ್ ತಂದು ಪೈಪಿನ ಬಾಯಿಗೆ ಇಟ್ಟಳು. ಆಮೇಲೆ ಸೊಸೆಯ ಮುಖ ನೋಡಿ, “ಯಾಕೆ ಹಂಗಿದೀಯ?” ಎಂದಳು.

“ತಣ್ಣಗಾಗ್ತಿಲ್ಲ ಅತ್ತೆ. ಬಿಸಿ ಇರುವಾಗ ಯೀಸ್ಟ್ ಹಾಕಿದ್ರೆ ಸತ್ತುಹೋಗುತ್ತೆ. ಹಾಗೇ ಬಿಟ್ರೆ ಕೆಡುತ್ತೆ.”

“ಹೆಪ್ಪು ಹಾಕೋ ಥರ ಅನ್ನು.”

ಹೆಂಡತಿ ಥರ್ಮಾಮೀಟರ್ ಕೆಳಗಿಟ್ಟಳು. “ಹ್ಞೂಂ ಅತ್ತೆ. ಥೇಟ್ ಹಾಗೇ.”

ಅಮ್ಮ ಪೈಪು ಮುಟ್ಟಿ ನೋಡಿದಳು. “ಬೇಸಿಗೇಲಿ ಟ್ಯಾಂಕಿನ ನೀರು ಕಾದಿರಲ್ವೇನೋ? ಸಂಪಿನ ನೀರು ಬುಡು.”

ಅಟ್ಟದ ಮೇಲಿದ್ದ ಹಳೆಯ ಕೂಲರಿನ ಪುಟ್ಟ ಪಂಪನ್ನು ಬಿಚ್ಚಿ ತಂದು ಅಂಗಳದ ಸಂಪಿಗೆ ಇಳಿಬಿಟ್ಟೆ. ನೆಲದಡಿಯ ನೀರು ಸುರುಳಿಗೆ ಹೊಕ್ಕಿದ್ದೇ ಥರ್ಮಾಮೀಟರ್ ಮತ್ತೆ ಇಳಿಯತೊಡಗಿತು. ಹೆಂಡತಿ ಅಮ್ಮನ ಎಣ್ಣೆಗೈಯನ್ನೇ ಹಿಡಿದು ಕುಲುಕಿದಳು. “ಬುಡೇ, ಅಂಟಾಗುತ್ತೆ” ಎಂದರೂ ಅಮ್ಮ ಕೈ ಬಿಡಿಸಿಕೊಳ್ಳಲಿಲ್ಲ. ಆ ದಿನ ಅವಳ ಸ್ನಾನ ಸುರುಳಿಯ ನೀರಿನಲ್ಲೇ ಆಯಿತು.

ಅಂದಿನಿಂದ ಬಿಯರ್ ದಿನವೇ ಅಮ್ಮನ ಎಣ್ಣೆಸ್ನಾನದ ದಿನ. ಮೊದಲ ಬಕೆಟ್ ಅವಳಿಗೆ, ಎರಡನೆಯದು ಬೆಡ್‌ಶೀಟ್ ನೆನೆಸಲು, ಉಳಿದದ್ದು ಕರಿಬೇವಿಗೆ. ಸುರುಳಿ ಕಪ್ಪಾಗಿದೆಯೆಂದು ಒಂದು ದಿನ ಹುಣಸೆಹಣ್ಣು ಹಚ್ಚಿ ಉಜ್ಜಿ, ಹೊಸದರಂತೆ ಹೊಳೆಯುವ ಹಾಗೆ ಮಾಡಿಟ್ಟಳು. ಹೂವು ಹಾಕುವ ಮೊದಲು ಒಂದು ಲೋಟ ಸಿಹಿ ಕಷಾಯ ಪಕ್ಕಕ್ಕೆ ಇಡಿಸಿಕೊಳ್ಳುತ್ತಾಳೆ. “ರಾಗಿ ಮಾಲ್ಟಿಗಿಂತ ಚೆನ್ನಾಗಿದೆ. ಇದನ್ನ ಯಾಕೆ ಕೆಡಿಸ್ತೀರೋ!” ಎಂದು ಪ್ರತಿ ಸಲವೂ ಹೇಳುತ್ತಾಳೆ.

ಮೊನ್ನೆ ಶ್ರಾವಣಕ್ಕೆ ಮುಂಚೆ ಒಂದು ಭಾನುವಾರ, ಫೋನೂ ಮಾಡದೆ ಚಿಕ್ಕಮ್ಮ ಬಂದಳು. ಅಮ್ಮನ ತಂಗಿ, ಅವಳ ಕಿವಿಗೆ ಬಿದ್ದದ್ದು ಸಂಜೆಯೊಳಗೆ ನಮ್ಮ ಬಳಗಕ್ಕೆಲ್ಲ ತಲುಪುತ್ತದೆ. ನೇರ ಹಿತ್ತಲಿಗೇ ಬಂದಳು. ನಾನು ಪಾತ್ರೆಗೆ ಅಡ್ಡ ನಿಂತೆ. ಹೆಂಡತಿ ಹಾಕಿ ಉಳಿದ ಹಾಪ್ಸ್ ಪೊಟ್ಟಣವನ್ನು ಸೆರಗಿನಲ್ಲಿ ಮುಚ್ಚಿಕೊಂಡಳು.

“ಏನಕ್ಕಾ ಇದು, ಘಮ್ಮಂತಿದೆ? ಏನು ಕಾಯಿಸ್ತಿದೀರಿ?”

ಅಮ್ಮ ಪೈಪಿನಿಂದ ಕಣ್ಣು ತೆಗೆಯದೆ ಅಂದಳು: “ಬಿಯರ್ ಕಣೆ. ನನ್ನ ಸೊಸೆ ಮಾಡ್ತಾಳೆ. ಆ ಇನ್ನೊಂದು ಬಕೆಟ್ ಇತ್ತ ಕೊಡು, ಇದು ತುಂಬಿಹೋಯ್ತು.”

ಚಿಕ್ಕಮ್ಮ ಕೈಚೀಲವನ್ನು ಒಗೆಯುವ ಕಲ್ಲಿನ ಮೇಲಿಟ್ಟು ಬಕೆಟ್ ಕೊಟ್ಟಳು. ಹೆಂಡತಿ ಸೆರಗು ಸಡಿಲಿಸಿ ಪೊಟ್ಟಣ ಹೊರತೆಗೆದಳು. ಅವಳ ಕಣ್ಣು ತುಂಬಿದ್ದು ಹಬೆಗೋ ಏನೋ, ನಾನು ಕೇಳಲಿಲ್ಲ.

ಆ ಸಲದ ಬಿಯರ್ ಈಗ ಫ್ರಿಜ್ಜಿನ ಕೆಳಗಿನ ಖಾನೆಯಲ್ಲಿದೆ, ಅಮ್ಮನ ಮಜ್ಜಿಗೆ ಪಾತ್ರೆಯ ಪಕ್ಕದಲ್ಲಿ. ಸ್ವಲ್ಪ ಕಹಿ ಜಾಸ್ತಿಯಾಗಿದೆಯೆಂದು ಹೆಂಡತಿಯ ತಕರಾರು. ನನಗೇನೂ ಹಾಗನ್ನಿಸಲಿಲ್ಲ. ಚಿಕ್ಕಮ್ಮನ ಯಜಮಾನರು ನಿನ್ನೆ ಫೋನ್ ಮಾಡಿ, ಈ ಕಡೆ ಬರುವುದಿದೆ, ಭಾನುವಾರ ಮನೆಯಲ್ಲಿರ್ತೀರಾ ಎಂದು ಕೇಳಿದರು.